ವಾರಾಂತ್ಯದ ರೇಡಿಯೋದಲ್ಲಿ ಮಾತೇ ಇಲ್ಲ: ಪಾಡ್‌ಕಾಸ್ಟ್ ಕಡೆ ಬಂದವರು ಏನು ಕೇಳುತ್ತಿದ್ದೀರಿ?

ಮುಲುಂಡ್ ಈಸ್ಟ್

ಎಲ್ಲರಿಗೂ ನಮಸ್ಕಾರ. ಶನಿವಾರ, ಭಾನುವಾರ ರೇಡಿಯೋ ಹಾಕುವ ಅಭ್ಯಾಸ ಇಟ್ಟುಕೊಂಡವರು ಇಲ್ಲಿ ಇನ್ನೂ ಎಷ್ಟು ಜನ ಇದ್ದೀರಿ? ನಾನು ಹಾಡಿನ ಬಗ್ಗೆ ಕೇಳುತ್ತಿಲ್ಲ, ಮಾತಿನ ಬಗ್ಗೆ ಕೇಳುತ್ತಿದ್ದೇನೆ.

ವಾರದ ದಿನಗಳಲ್ಲಿ ಬೆಳಗ್ಗೆ ಎಫ್‌ಎಂನಲ್ಲಿ ಸ್ವಲ್ಪವಾದರೂ ಜೀವ ಇರುತ್ತದೆ. ಯಾವ ಲೋಕಲ್ ತಡ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಎಲ್ಲಿ ಗಾಡಿಗಳು ನಿಂತಿವೆ, ಇದನ್ನೆಲ್ಲ ಹೇಳುತ್ತಾರೆ. ಶನಿವಾರ ಬಂತು ಅಂದರೆ ಸ್ಟುಡಿಯೋಗೆ ಬೀಗ ಹಾಕಿ ಎಲ್ಲರೂ ಮನೆಗೆ ಹೋಗಿದ್ದಾರೆ ಅನ್ನಿಸುತ್ತದೆ. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು, ಇರುವುದೇ ಭಾನುವಾರ. ಅವತ್ತೇ ರೇಡಿಯೋದಲ್ಲಿ ಅದರ ಮಾತಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಹೊರಗೆ ಮಳೆ ಹೊಡೆಯುತ್ತಿತ್ತು. ಆರ್‌ಜೆ ಮಾತ್ರ ಎಂಥಾ ಒಳ್ಳೆ ಬಿಸಿಲು, ಮನೆಯವರನ್ನು ಕರೆದುಕೊಂಡು ಚೌಪಾಟಿಗೆ ಹೋಗಿ ಅನ್ನುತ್ತಿದ್ದರು. ಶುಕ್ರವಾರವೇ ರೆಕಾರ್ಡ್ ಮಾಡಿಟ್ಟ ಮಾತು ಅಂತ ಗೊತ್ತಾಗೋಕೆ ಇನ್ನೇನು ಬೇಕು?

ಇನ್ನು ಒಂದು ಗಂಟೆಯ 'ಆರೋಗ್ಯ' ಕಾರ್ಯಕ್ರಮಗಳು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಹೇಳುತ್ತಾರೆ, ಎರಡು ನಿಮಿಷಕ್ಕೊಮ್ಮೆ ಫೋನ್ ನಂಬರ್. ಮಧ್ಯೆ ಒಬ್ಬ ಹೆಂಗಸು ಫೋನ್ ಮಾಡಿ ಮಂಡಿ ನೋವು ಹೋಯಿತು ಅನ್ನುತ್ತಾರೆ. 'ಪಹಲೇ ತೋ' ಅಂದು ಒಂದು ಸಣ್ಣ ಕೆಮ್ಮು, ಆಮೇಲೆ ಮಾತು ಮುಂದುವರಿಯುತ್ತದೆ. ಮುಂದಿನ ವಾರವೂ ಅದೇ ಹೆಂಗಸು, ಅದೇ 'ಪಹಲೇ ತೋ', ಅದೇ ಜಾಗದಲ್ಲಿ ಅದೇ ಕೆಮ್ಮು. ನಮ್ಮ ಅತ್ತೆ ಅದನ್ನು ನಂಬಿಕೊಂಡು ಬರೆದುಕೊಳ್ಳುತ್ತಿದ್ದರು. ಅವರಿಗೆ ಆ ಕೆಮ್ಮನ್ನು ತೋರಿಸಿಕೊಟ್ಟೆ. ಅವತ್ತಿನಿಂದ ಮನೆಯಲ್ಲಿ ಭಾನುವಾರದ ರೇಡಿಯೋ ನಿಂತಿತು.

ನನಗೆ ಬೇಜಾರಾಗುವುದು ಇದಕ್ಕೆ: ಮುಂಬೈಯಲ್ಲಿ ಮನುಷ್ಯನಿಗೆ ಒಂದು ಗಂಟೆ ಕೂತು ಇನ್ನೊಬ್ಬರ ಮಾತು ಕೇಳೋಕೆ ಪುರುಸೊತ್ತು ಸಿಗುವುದೇ ಭಾನುವಾರ. ಬಟ್ಟೆ ಇಸ್ತ್ರಿ ಮಾಡುತ್ತ, ಕಾಯಿ ತುರಿಯುತ್ತ ಕೇಳಬಹುದು. ಆ ಒಂದು ಗಂಟೆಯನ್ನೇ ರೇಡಿಯೋದವರು ಮಾರಿಬಿಟ್ಟಿದ್ದಾರೆ. ನಾನು ಈಗ ಪೂರ್ತಿ ಪಾಡ್‌ಕಾಸ್ಟ್‌ಗೆ ಬಂದಿದ್ದೇನೆ. ನೀವು ಏನು ಕೇಳುತ್ತಿದ್ದೀರಿ, ಕನ್ನಡದಲ್ಲಿ ಒಳ್ಳೆಯದು ಯಾವುದಿದೆ, ದಯವಿಟ್ಟು ಹೇಳಿ.


ಅಂಧೇರಿ ಆಡ್ ಸೇಲ್ಸ್

ಮುಲುಂಡ್ ಅವರೇ, ಪ್ರತಿ ಮಾತೂ ನಿಜ. ನಾನು ತುಂಬ ವರ್ಷ ರೇಡಿಯೋಗೆ ಜಾಹೀರಾತು ತರುವ ಕೆಲಸ ಮಾಡಿದವನು, ಅದಕ್ಕೇ ಒಳಗಿನ ಲೆಕ್ಕ ಹೇಳುತ್ತೇನೆ. ಆರ್‌ಜೆಗಳನ್ನು ಬೈಯಬೇಡಿ. ಅವರಲ್ಲಿ ತುಂಬ ಜನ ಚೆನ್ನಾಗಿ ಓದಿಕೊಂಡವರು, ಮಾತು ಬಲ್ಲವರು. ಅವರ ಕೈ ಕಟ್ಟಿಹಾಕಿದ್ದಾರೆ.

ಮೊದಲನೆಯದು, ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ, ಒಂದಕ್ಷರ ಬದಲಿಸದೆ ಹಾಕಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು ಕರೆಂಟಿನ ಪ್ರಕಟಣೆ, ಇವಕ್ಕೆಲ್ಲ ಅಡ್ಡಿ ಇಲ್ಲ. ಆದರೆ ಊರಿನ ರಾಜಕೀಯ, ಬಜೆಟ್, ಕೋರ್ಟಿನ ತೀರ್ಪು ಇಟ್ಟುಕೊಂಡು ಒಂದು ಗಂಟೆ ಚರ್ಚೆ ಮಾಡಿ ನೋಡಿ, ಲೈಸೆನ್ಸಿನ ಭಯ ಶುರುವಾಗುತ್ತದೆ. 2017ರಲ್ಲಿ ಇಲ್ಲಿನ ಆರ್‌ಜೆ ಒಬ್ಬರು ರಸ್ತೆ ಗುಂಡಿ ಬಗ್ಗೆ ತಮಾಷೆಯಾಗಿ ಒಂದು ಹಾಡು ಮಾಡಿದ್ದಕ್ಕೆ ಎಷ್ಟು ಗಲಾಟೆ ಆಯಿತು, ನೆನಪಿರಬಹುದು. ಹೀಗಿರುವಾಗ ಮಾತಿಗೆ ಉಳಿಯುವುದು ಸಿನಿಮಾ, ಪ್ರೀತಿ ಪ್ರೇಮ, ಫೋನಿನಲ್ಲಿ ಯಾರನ್ನಾದರೂ ಬಕ್ರಾ ಮಾಡುವುದು. 2023ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಶಿಫಾರಸು ಕೊಟ್ಟಿತು. ಗಂಟೆಗೆ 10 ನಿಮಿಷ ಸುದ್ದಿ, ಪ್ರಚಲಿತ ವಿಷಯ ಹೇಳೋಕೆ ಖಾಸಗಿ ಎಫ್‌ಎಂಗೂ ಬಿಡಿ ಅಂತ. ನನ್ನ ಪ್ರಕಾರ ಅದು ಎಂದೋ ಆಗಬೇಕಿತ್ತು.

ಎರಡನೆಯದು ದುಡ್ಡು. ಎಫ್‌ಎಂ ಲೈಸೆನ್ಸ್ ಹರಾಜಿನ ಮೂರನೇ ಹಂತದ ನಿಯಮದಲ್ಲಿ ಸ್ಟೇಷನ್ನಿನವರು ವರ್ಷಕ್ಕೆ ಒಟ್ಟು ಆದಾಯದ ಶೇ 4 ಅಥವಾ ಹರಾಜಿನ ಪ್ರವೇಶ ಶುಲ್ಕದ ಶೇ 2.5, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು. ಅಂದರೆ ವ್ಯಾಪಾರ ಬಿದ್ದುಹೋದ ವರ್ಷವೂ ಒಂದು ಮೊತ್ತ ಕಟ್ಟಲೇಬೇಕು. ಮುಂಬೈಯಂಥ ಊರಿನಲ್ಲಿ ಹರಾಜಿನ ಮೊತ್ತವೇ ದೊಡ್ಡದು. ಇನ್ನು ಹಾಡು ಹಾಕುವುದು ಅಗ್ಗ. 2010ರಲ್ಲಿ ಕಾಪಿರೈಟ್ ಬೋರ್ಡ್ ರೇಡಿಯೋದವರು ಸಂಗೀತ ಕಂಪನಿಗಳಿಗೆ ಕೊಡಬೇಕಾದ ಪಾಲನ್ನು ನಿವ್ವಳ ಜಾಹೀರಾತು ಆದಾಯದ ಶೇ 2ಕ್ಕೆ ಇಳಿಸಿತ್ತು. ಒಳ್ಳೆ ಮಾತಿಗೆ ಹಾಗಲ್ಲ. ವಿಷಯ ಹುಡುಕುವವರು ಬೇಕು, ಅತಿಥಿಯನ್ನು ಒಪ್ಪಿಸುವವರು ಬೇಕು, ಎಡಿಟ್ ಮಾಡುವವರು ಬೇಕು. ಭಾನುವಾರ ಇವರಿಗೆಲ್ಲ ಸಂಬಳ ಕೊಡುವುದಕ್ಕಿಂತ ಗಂಟೆಗೆ ಇಷ್ಟು ಅಂತ ಯಾರಿಗೋ ಮಾರಿದರೆ ಕೈಗೆ ದುಡ್ಡು ಬರುತ್ತದೆ, ಖರ್ಚೂ ಇಲ್ಲ. ನಾವು ಅದನ್ನು ಸ್ಲಾಟ್ ಅನ್ನುತ್ತಿದ್ದೆವು. ವಾರಾಂತ್ಯದ ಸ್ಲಾಟಿಗೆ ಬರುತ್ತಿದ್ದವರು ಬಿಲ್ಡರ್‌ಗಳು, ಔಷಧಿಯವರು, ಜ್ಯೋತಿಷದವರು. ಆ ಮಂಡಿ ನೋವಿನ ಫೋನ್ ಇದೆಯಲ್ಲ, ಅಂಥವನ್ನು ಸ್ಲಾಟ್ ಕೊಂಡವರೇ ರೆಕಾರ್ಡ್ ಮಾಡಿ ತಂದುಕೊಡುತ್ತಾರೆ. ಸ್ಟೇಷನ್ನಿಗೆ ಬರುವುದು ಬರೀ ಫೈಲ್.


ಚೆಂಬೂರು ಔಷಧಿ ಅಂಗಡಿ

ಆ ಫೈಲ್ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾನು ಹೇಳುತ್ತೇನೆ. ಸೋಮವಾರ ಬೆಳಗ್ಗೆ ನಮ್ಮ ಕೌಂಟರ್‌ಗೆ. ವಯಸ್ಸಾದವರು ಒಂದು ಚೀಟಿ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಯಾವುದೋ ಚೂರ್ಣದ ಹೆಸರು ಇರುತ್ತದೆ. ಎಷ್ಟೋ ಜನ ಅಷ್ಟರಲ್ಲಿ ಶುಗರ್ ಮಾತ್ರೆ ನಿಲ್ಲಿಸಿರುತ್ತಾರೆ. ರೇಡಿಯೋದಲ್ಲಿ ಡಾಕ್ಟರೇ ಹೇಳಿದರಲ್ಲಾ ಅಂತ ನಮಗೇ ತಿರುಗಿ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ, ಅವರ ಮೇಲೆ ಅಲ್ಲ.

ಎಲ್ಲರೂ ತಿಳಿದುಕೊಳ್ಳಲಿ ಅಂತ ಬರೆಯುತ್ತಿದ್ದೇನೆ. 1954ರಿಂದಲೇ ನಮ್ಮಲ್ಲಿ ಇದಕ್ಕೆ ಕಾನೂನು ಇದೆ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಆಕ್ಟ್. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಹೀಗೆ ಕಾಯಿಲೆಗಳ ಒಂದು ಪಟ್ಟಿಯೇ ಅದರಲ್ಲಿದೆ. ಅವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ. ಒಂದು ಗಂಟೆಯ ಮಾತುಕತೆಯ ವೇಷ ಹಾಕಿದ ಮಾತ್ರಕ್ಕೆ ಜಾಹೀರಾತು ಬೇರೆ ಏನೋ ಆಗಿಬಿಡುವುದಿಲ್ಲ. ಅಂಥದ್ದು ಕಿವಿಗೆ ಬಿದ್ದರೆ ದಿನ, ಸಮಯ, ಸ್ಟೇಷನ್, ಔಷಧಿ ಹೆಸರು ಬರೆದುಕೊಳ್ಳಿ, ಸಾಧ್ಯವಾದರೆ ಫೋನಿನಲ್ಲಿ ಸ್ವಲ್ಪ ರೆಕಾರ್ಡ್ ಮಾಡಿಟ್ಟುಕೊಳ್ಳಿ. ರಾಜ್ಯದ ಎಫ್‌ಡಿಎಗೆ, ಅಂದರೆ ಆಹಾರ ಮತ್ತು ಔಷಧ ಇಲಾಖೆಗೆ ದೂರು ಕೊಡಬಹುದು. ಆಸ್ಕಿಗೂ, ಅಂದರೆ ಜಾಹೀರಾತು ಮಾನದಂಡ ನೋಡಿಕೊಳ್ಳುವ ಸಂಸ್ಥೆಗೂ ಕೊಡಬಹುದು. ಅದರ ಕಚೇರಿ ಮುಂಬೈಯಲ್ಲೇ ಇದೆ, ಆನ್‌ಲೈನ್‌ನಲ್ಲೇ ದೂರು ತೆಗೆದುಕೊಳ್ಳುತ್ತಾರೆ. ಸುಮ್ನೆ ಚಾನೆಲ್ ಬದಲಿಸಿದರೆ ನಮ್ಮ ಮನೆ ಉಳಿಯುತ್ತದೆ, ಪಕ್ಕದ ಮನೆಯ ಅಜ್ಜಿ ಉಳಿಯುವುದಿಲ್ಲ.


ಮಾಟುಂಗಾ ಹಿರಿಯ

ನನಗೀಗ ಎಂಬತ್ತರ ಹತ್ತಿರ. ಈ ಊರಿಗೆ ಹುಡುಗನಾಗಿ ಬಂದೆ, ಮೈಸೂರು ಅಸೋಸಿಯೇಷನ್ನಿನ ಹತ್ತಿರವೇ ರೂಮು. ರೇಡಿಯೋ ಮಾತು ಅಂದರೆ ಹಗುರ ಅಂತ ಈಗಿನವರಿಗೆ ಅನ್ನಿಸಿದರೆ ಅದು ಅವರ ತಪ್ಪಲ್ಲ, ಅವರು ಕೇಳಿರುವುದೇ ಅಂಥದ್ದು. ಆದರೆ ಇದೇ ಮುಂಬೈಯಲ್ಲಿ ಮಾತಿಗೆ ಎಂಥಾ ಬೆಲೆ ಇತ್ತು ಅಂತ ಎರಡು ವಿಷಯ ಹೇಳುತ್ತೇನೆ.

ಮೊದಲನೆಯದು ನಾನು ಹುಟ್ಟುವ ಮುಂಚಿನದು. 1942ರ ಆಗಸ್ಟ್ 27ರಂದು ಸ್ವಾತಂತ್ರ್ಯ ಹೋರಾಟಗಾರ್ತಿ ಉಷಾ ಮೆಹ್ತಾ ಮತ್ತು ಅವರ ಗೆಳೆಯರು ಇಲ್ಲೇ ಕಾಂಗ್ರೆಸ್ ರೇಡಿಯೋ ಶುರು ಮಾಡಿದರು. ಆಗ ಆಕೆಗೆ 22 ವರ್ಷ. 42.34 ಮೀಟರ್ ಅಲೆಯಲ್ಲಿ, ಕದ್ದುಮುಚ್ಚಿ, ಟ್ರಾನ್ಸ್‌ಮಿಟರನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗುತ್ತ ನಡೆಸಿದರು. ಪತ್ರಿಕೆಗಳು ಅಚ್ಚು ಹಾಕಲಾಗದ ಸುದ್ದಿಯನ್ನು ಜನರಿಗೆ ಮುಟ್ಟಿಸಿದರು. ನವೆಂಬರ್‌ನಲ್ಲಿ ಪೊಲೀಸರು ಹಿಡಿದರು, ಜೈಲಾಯಿತು. ನಡೆದದ್ದು ಸುಮಾರು ಮೂರೇ ತಿಂಗಳು.

ಎರಡನೆಯದು ನಾನೇ ಕೇಳಿದ್ದು. ಬಿನಾಕಾ ಗೀತಮಾಲಾ ನಡೆಸುತ್ತಿದ್ದ ಅಮೀನ್ ಸಯಾನಿ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಿಂದ ಬರುತ್ತಿದ್ದ ಆ ದನಿ ರೆಕಾರ್ಡ್ ಆಗುತ್ತಿದ್ದದ್ದು ಮುಂಬೈಯಲ್ಲಿ. ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗಬೇಕಿತ್ತು. ಅದು ಹಾಡಿನ ಕಾರ್ಯಕ್ರಮ ನಿಜ. ಆದರೆ ಎರಡು ಹಾಡಿನ ಮಧ್ಯೆ ಒಂದು ಮಾತೂ ದಂಡವಾಗುತ್ತಿರಲಿಲ್ಲ. ಕೇಳುಗರ ಪತ್ರ ಓದಿ, ತಯಾರಾಗಿ ಬಂದು ಮಾತಾಡುತ್ತಿದ್ದರು. ಅದೂ ರೆಕಾರ್ಡ್ ಮಾಡಿದ ಮಾತೇ ಆಗಿತ್ತು. ಆದ್ದರಿಂದ ಮುಲುಂಡ್ ಅವರೇ, ಶುಕ್ರವಾರ ರೆಕಾರ್ಡ್ ಮಾಡುವುದು ದೋಷವಲ್ಲ. ಏನೂ ತಯಾರಿ ಇಲ್ಲದೆ ಮಾಡುವುದು ದೋಷ. 2024ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಟ್ಟಡದ ಹಳಬರೆಲ್ಲ ಕೆಳಗೆ ಸೇರಿ ತುಂಬ ಹೊತ್ತು ಅವರ ಮಾತೇ ಆಡಿದೆವು.

ನನ್ನ ಮೊಮ್ಮಗಳು ಫೋನಿಗೆ ಪಾಡ್‌ಕಾಸ್ಟ್ ಹಾಕಿಕೊಟ್ಟಿದ್ದಾಳೆ. ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ. ಕಿವಿ ಚೆನ್ನಾಗಿದೆ. ನನ್ನಂಥವರಿಗೆ ಕನ್ನಡದಲ್ಲಿ ಏನಿದೆ ಅಂತ ನಾನೂ ಕಾಯುತ್ತಿದ್ದೇನೆ.


ಕೋಥರೂಡ್ ಕನ್ನಡತಿ

ಹಿರಿಯರಿಗೆ ನಮಸ್ಕಾರ. ನಾನು ಪುಣೆಯವಳು, ಕೆಲಸದ ಮೇಲೆ ಮುಂಬೈಗೆ ಓಡಾಡುತ್ತೇನೆ. ಎಫ್‌ಎಂ ಅಲೆ ನೆಟ್ಟಗೆ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಮುಗಿಯಿತು. ಕರ್ಜತ್ ಬಿಟ್ಟು ರೈಲು ಘಾಟ್ ಹತ್ತೋಕೆ ಶುರು ಮಾಡಿದರೆ ಮುಂಬೈ ಸ್ಟೇಷನ್‌ಗಳು ಕರಕರ ಅನ್ನುತ್ತವೆ. ಸುರಂಗದಲ್ಲಿ ಪೂರ್ತಿ ಹೋಗುತ್ತವೆ. ಲೋಣಾವಳಾ ದಾಟಿ ಪುಣೆ ಸ್ಟೇಷನ್ ಹಿಡಿದರೆ ಮುಂಬೈಯಲ್ಲಿ ಕೇಳಿದ ಅದೇ ಹಾಡು, ಅದೇ ಥರದ ಮಾತು. ಡೌನ್‌ಲೋಡ್ ಮಾಡಿಟ್ಟುಕೊಂಡ ಪಾಡ್‌ಕಾಸ್ಟ್‌ಗೆ ಸುರಂಗವೂ ಇಲ್ಲ, ಘಾಟೂ ಇಲ್ಲ. ನಾನು ಈ ಕಡೆ ಬಂದದ್ದೇ ಅದಕ್ಕೆ. ಉಳಿದುಕೊಂಡದ್ದು ಮಾತಿಗೆ.

ಕನ್ನಡದಲ್ಲಿ ನಾನು ಮೊದಲು ಹೇಳುವುದು ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್. 2018ರಲ್ಲಿ ಶುರುವಾಯಿತು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಅವರ ಜೊತೆಯವರು ಕೂತು ಮಾತಾಡುತ್ತಾರೆ. ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರ, ಊಟ ತಿಂಡಿ, ಎಲ್ಲ ಬರುತ್ತದೆ. ವಿಷಯ ಬಲ್ಲವರನ್ನು ಕರೆದು ಕೂರಿಸಿ, ಅವರು ಹೇಳಿ ಮುಗಿಸುವವರೆಗೂ ಬಿಡುತ್ತಾರೆ. ಗಟ್ಟಿ ವಿಷಯವನ್ನು ಆಡುಮಾತಿನ ಕನ್ನಡದಲ್ಲಿ ಹೇಳಬಹುದು ಅಂತ ಅದು ತೋರಿಸಿಕೊಟ್ಟಿತು. ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು: ಅದನ್ನು ಹೊರತಂದ ಐವಿಎಂ ಮುಂಬೈಯ ಸಂಸ್ಥೆ. ಹಳೆಯ ಕಂತುಗಳಿಂದ ಶುರು ಮಾಡಿ, ಹಳತಾಗುವ ಮಾತಲ್ಲ ಅದು.

ಇಂಗ್ಲಿಷ್ ಪರವಾಗಿಲ್ಲ ಅನ್ನುವವರಿಗೆ ಅಮಿತ್ ವರ್ಮಾ ಅವರ ಸೀನ್ ಅಂಡ್ ದಿ ಅನ್‌ಸೀನ್. ಅವರೂ ಮುಂಬೈಯವರು. 2017ರಲ್ಲಿ ಶುರು ಮಾಡಿದಾಗ ಕಂತುಗಳು ಚಿಕ್ಕವಿದ್ದವು. ಆಮೇಲೆ ಉದ್ದವಾಗುತ್ತ ಹೋಗಿ ಮೂರು ನಾಲ್ಕು ಗಂಟೆ, ಅದಕ್ಕಿಂತ ಜಾಸ್ತಿಯೂ ಆಗಿದೆ. ಇಷ್ಟುದ್ದ ಯಾರು ಕೇಳುತ್ತಾರೆ ಅನ್ನಬೇಡಿ. ನಾನು ಕೇಳುತ್ತೇನೆ. ಅತಿಥಿಗೆ ಮೊದಲ ಅರ್ಧ ಗಂಟೆ ಬರೀ ಬಾಲ್ಯದ ಬಗ್ಗೆ ಕೇಳುತ್ತಾರೆ. ಎಲ್ಲ ಸಂದರ್ಶನದಲ್ಲೂ ಹೇಳಿ ಹೇಳಿ ಸವೆದ ಉತ್ತರಗಳು ಅಷ್ಟರಲ್ಲಿ ಖಾಲಿಯಾಗುತ್ತವೆ, ಅವರು ಯೋಚಿಸಿ ಮಾತಾಡೋಕೆ ಶುರು ಮಾಡುತ್ತಾರೆ. ರೇಡಿಯೋದಲ್ಲಿ ಹಾಡುಗಳ ಮಧ್ಯೆ ಬರುವ ಎರಡು ನಿಮಿಷದ ಮಾತಿನಲ್ಲಿ ಇದು ಸಾಧ್ಯವೇ ಇಲ್ಲ.

ಮತ್ತೆ ನನ್ನ ಮನೆಯ ಮಾತು. ಮಗನಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್, ಆಟದಲ್ಲಿ ಹಿಂದಿ. ಕನ್ನಡ ಅಂದರೆ ಅವನಿಗೆ ಅಮ್ಮ ಬೈಯುವ ಭಾಷೆ, ಅಜ್ಜಿ ಊಟಕ್ಕೆ ಕರೆಯುವ ಭಾಷೆ. ಗುರುತ್ವಾಕರ್ಷಣೆ ಬಗ್ಗೆ, ಚುನಾವಣೆ ಬಗ್ಗೆ ಯಾರಾದರೂ ಕನ್ನಡದಲ್ಲಿ ವಾದ ಮಾಡುವುದನ್ನು ಅವನು ಎಲ್ಲಿ ಕೇಳಬೇಕು? ಪುಣೆಯಲ್ಲಾಗಲಿ ಮುಂಬೈಯಲ್ಲಾಗಲಿ ಒಂದು ಕನ್ನಡ ಎಫ್‌ಎಂ ಇಲ್ಲ. ರೇಡಿಯೋ ನಮ್ಮನ್ನು ಕೈಬಿಟ್ಟಿತು ಅಂತ ಬೇಜಾರು ಮಾಡಿಕೊಳ್ಳುತ್ತೀರಿ, ಆದರೆ ಇಲ್ಲಿನ ಎಫ್‌ಎಂ ಎಂದೂ ನಮ್ಮ ಭಾಷೆಯಲ್ಲಿ ನಮ್ಮನ್ನು ಮಾತಾಡಿಸಿರಲಿಲ್ಲ, ಅಲ್ವಾ?


ವಾಸ್ಕೋ ಬಾಗಲಕೋಟಿ

ಅಕ್ಕಾರ, ಮಾತು ಖರೇ. ಆದರೆ ರೇಡಿಯೋ ಅಂದರೆ ಖಾಸಗಿ ಎಫ್‌ಎಂ ಅಷ್ಟೇ ಅಂತ ತಿಳಿಯಬ್ಯಾಡ್ರಿ.

ನಮ್ಮಪ್ಪ ಇಲ್ಲಿ ಗೋವಾದ ಬೈನಾದಲ್ಲಿ ಕೂಲಿ ಕೆಲಸಕ್ಕೆ ಬಂದವರು. ಒಂದು ಸಣ್ಣ ಟ್ರಾನ್ಸಿಸ್ಟರ್ ಇತ್ತು. ಅದರಲ್ಲಿ ಧಾರವಾಡ ಹಿಡಿಯುತ್ತಿದ್ದರು, 765 ಕಿಲೋಹರ್ಟ್ಸ್, ಮುಳ್ಳು ಆ ಜಾಗದಿಂದ ಅಲ್ಲಾಡಿಸೋಕೆ ನಮಗೆ ಬಿಡುತ್ತಿರಲಿಲ್ಲ. ಮೀಡಿಯಂ ವೇವ್ ಅಲೆ ಸೂರ್ಯ ಮುಳುಗಿದ ಮೇಲೆ ಆಕಾಶದ ಮೇಲಿನ ಪದರಕ್ಕೆ ತಾಗಿ ಬಹಳ ದೂರ ಹೋಗುತ್ತದೆ, ಹಾಗಾಗಿ ರಾತ್ರಿ ಇನ್ನೂ ಸ್ವಚ್ಛ. ಕೃಷಿರಂಗ, ನಾಟಕ, ಬೆಳಗಿನ ಚಿಂತನ. ಊರಲ್ಲಿ ಮಳೆ ಆಯಿತೋ ಇಲ್ಲವೋ ಅಂತ ಅಪ್ಪನಿಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ. 1950ರಲ್ಲಿ ಶುರುವಾದ ಆ ನಿಲಯದಲ್ಲಿ ಬೇಂದ್ರೆ ಅಜ್ಜ ಸಲಹೆಗಾರರಾಗಿ ಕೆಲಸ ಮಾಡಿದವರು. ಅಂಥವರು ಕೂತ ಜಾಗ ಅದು.

ಈಗ ಟ್ರಾನ್ಸಿಸ್ಟರ್ ಬೇಕಾಗಿಲ್ಲ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ, ಪುಕ್ಕಟೆ. ದೇಶದ ಆಕಾಶವಾಣಿ ನಿಲಯಗಳು ಅದರಲ್ಲಿ ನೇರ ಬರುತ್ತವೆ. ಧಾರವಾಡ, ಬೆಂಗಳೂರು, ಮೈಸೂರು ಎಲ್ಲ ಹುಡುಕಿ ನೋಡಿ. ಮಾಟುಂಗಾ ಅಜ್ಜಾರಿಗೆ ಮೊದಲು ಇದನ್ನೇ ಹಾಕಿಕೊಡಿ ಅಂತ ಅವರ ಮೊಮ್ಮಗಳಿಗೆ ಹೇಳಿ. ಹಳೆಯ ಪದ್ಧತಿಯ ನಿರೂಪಣೆ, ನಿಧಾನ, ಒಪ್ಪುತ್ತೇನೆ. ಆದರೆ ಭಾಷೆ ಶುದ್ಧ ಇರುತ್ತದೆ, ಕೂಗಾಟ ಇರುವುದಿಲ್ಲ.

ಅಜ್ಜಾರು ಉಷಾ ಮೆಹ್ತಾ ಹೆಸರು ತೆಗೆದದ್ದಕ್ಕೆ ನಮ್ಮ ಗೋವಾದ್ದೂ ಒಂದು ಹೇಳಿಬಿಡುತ್ತೇನೆ. 1955ರ ನವೆಂಬರ್‌ನಿಂದ 1961ರವರೆಗೆ ಪೋರ್ಚುಗೀಸರ ವಿರುದ್ಧ ಒಂದು ಗುಪ್ತ ರೇಡಿಯೋ ನಡೆಯಿತು. ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೋ ನಡೆಸಿದ್ದು, ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಯಲ್ಲಿ. ಮೊದಲು ಅಂಬೋಲಿ ಕಾಡಿನಲ್ಲಿ, ಆಮೇಲೆ ಎಲ್ಲಿ ಗೊತ್ತೇನು? ನಮ್ಮ ಕರ್ನಾಟಕದ ಕ್ಯಾಸಲ್‌ರಾಕ್‌ನಲ್ಲಿ! ವಾಸ್ಕೋದಿಂದ ಹುಬ್ಬಳ್ಳಿ ರೈಲಿನಲ್ಲಿ ಹೋಗುವಾಗ ದೂಧ್‌ಸಾಗರ ದಾಟಿದ ಮೇಲೆ ಬರುತ್ತದಲ್ಲ, ಅದೇ ಸ್ಟೇಷನ್. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆ ಆದಾಗ ಇವರಿಬ್ಬರೂ ವಿಮಾನದಲ್ಲಿ ಪಣಜಿ ಮೇಲೆ ಸುತ್ತಿ ಧ್ವನಿವರ್ಧಕದಲ್ಲಿ ಜನರಿಗೆ ಸುದ್ದಿ ಹೇಳಿದರು. ಲಿಬಿಯಾ ಅಮ್ಮನವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕಾಡಿನಲ್ಲಿ ಕೂತು ಅಷ್ಟು ವರ್ಷ ದಿನಾ ಮಾತು ತಯಾರು ಮಾಡಿದರು ಅಂದಮೇಲೆ, ಎಸಿ ಸ್ಟುಡಿಯೋದಲ್ಲಿ ವಾರಕ್ಕೆ ಒಂದು ಗಂಟೆ ಒಳ್ಳೆ ಮಾತು ಕೊಡೋಕೆ ಏನು ಕಷ್ಟ?


ಕಲ್ಯಾಣ್ ಸ್ಲೋ

ಎಲ್ಲ ಒಪ್ಪಿದೆ, ಆದರೆ ಪಾಡ್‌ಕಾಸ್ಟನ್ನು ಇಷ್ಟು ಹೊಗಳಬೇಡಿ. ಈಗ ಕನ್ನಡದಲ್ಲಿ ಪಾಡ್‌ಕಾಸ್ಟ್ ಅಂತ ಯೂಟ್ಯೂಬ್‌ನಲ್ಲಿ ಬರುತ್ತಿರುವ ಎಷ್ಟೋ ವಿಡಿಯೋ ನೋಡಿ. ದೊಡ್ಡ ಮೈಕು, ಹಿಂದೆ ಬಣ್ಣದ ಲೈಟು, ಎರಡು ಗಂಟೆ ಮಾತು. ಎಡಿಟ್ ಅನ್ನುವುದೇ ಇಲ್ಲ. ಅತಿಥಿ ಏನು ಹೇಳಿದರೂ ಕೇಳುವವರು 'ವಾವ್ ಸರ್' ಅನ್ನುತ್ತಾರೆ. ಊಟಕ್ಕೆ ಕರೆದು ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ, ಖಾರದ ಮೂವತ್ತು ಸೆಕೆಂಡು ಕತ್ತರಿಸಿ ರೀಲ್ಸ್‌ಗೆ ಹಾಕುತ್ತಾರೆ. ಚೆಂಬೂರು ಅವರು ಹೇಳಿದ ಆ ಶುಗರ್ ಚೂರ್ಣದವರು ಅಲ್ಲಿಗೂ ಬಂದಾಗಿದೆ. ರೇಡಿಯೋಗೆ ಲೈಸೆನ್ಸ್ ಆದರೂ ಇದೆ, ಹಿಡಿದು ಕೇಳಬಹುದು. ಇಲ್ಲಿ ಯಾರನ್ನು ಕೇಳುತ್ತೀರಿ?

ಇನ್ನೊಂದು. ನಾನು 2005ರ ಜುಲೈ 26ರಂದು ಕುರ್ಲಾದಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಫೋನ್ ನೆಟ್‌ವರ್ಕ್ ಬಿದ್ದುಹೋಗಿತ್ತು. ಒಬ್ಬರ ಹತ್ತಿರ ಸಣ್ಣ ರೇಡಿಯೋ ಇತ್ತು, ಸುತ್ತ ಮೂವತ್ತು ನಲವತ್ತು ಜನ ನಿಂತಿದ್ದೆವು. ಯಾವ ರಸ್ತೆ ಮುಳುಗಿದೆ, ಎಲ್ಲಿ ನಿಲ್ಲಿ, ಯಾರು ಯಾರನ್ನು ಹುಡುಕುತ್ತಿದ್ದಾರೆ, ಎಲ್ಲ ಅದರಿಂದ ಗೊತ್ತಾಯಿತು. ಆ ಕೆಲಸ ಪಾಡ್‌ಕಾಸ್ಟ್ ಮಾಡುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಎಲ್ಲ ಮೊಬೈಲ್ ಫೋನಿನಲ್ಲೂ ಎಫ್‌ಎಂ ರೇಡಿಯೋ ಇರಲಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟದ್ದೇ ಇದಕ್ಕೆ, ವಿಪತ್ತಿನ ಹೊತ್ತಿಗೆ ಬೇಕಾಗುತ್ತದೆ ಅಂತ. ನಿಮ್ಮ ಫೋನಿನಲ್ಲಿ ಇದೆಯಾ ನೋಡಿಕೊಳ್ಳಿ. ಇದ್ದರೆ ವೈರ್ ಇರುವ ಇಯರ್‌ಫೋನ್ ಒಂದು ಬ್ಯಾಗಿನಲ್ಲಿಡಿ, ಆ ವೈರೇ ಆಂಟೆನಾ. ಬ್ಲೂಟೂತ್‌ನದ್ದು ಕೆಲಸಕ್ಕೆ ಬರುವುದಿಲ್ಲ.


ಮುಲುಂಡ್ ಈಸ್ಟ್

ಕಲ್ಯಾಣ್ ಸರ್, ರೇಡಿಯೋ ಬೇಡ ಅಂತ ನಾನೂ ಹೇಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಬ್ಯಾಟರಿ ರೇಡಿಯೋ ತಯಾರಿರುತ್ತದೆ. ನನ್ನ ಸಿಟ್ಟು ಅದಕ್ಕೇ. ಆಪತ್ತಿನ ದಿನ ಅಷ್ಟು ಚೆನ್ನಾಗಿ ಮಾತಾಡಬಲ್ಲವರು ಭಾನುವಾರ ಯಾಕೆ ಬಾಯಿ ಮಾರಿಕೊಳ್ಳಬೇಕು?

ಕೆಟ್ಟ ಪಾಡ್‌ಕಾಸ್ಟ್ ಇವೆ, ಒಪ್ಪುತ್ತೇನೆ. ಒಳ್ಳೆಯದನ್ನು ಹೇಗೆ ಗುರುತಿಸುತ್ತೇನೆ ಅಂದರೆ, ಪ್ರಶ್ನೆ ಕೇಳುವವರು ಓದಿಕೊಂಡು ಬಂದಿದ್ದಾರಾ ಅಂತ ಮೊದಲ ಹತ್ತು ನಿಮಿಷ ನೋಡುತ್ತೇನೆ. ಅತಿಥಿ ಒಂದು ಅಂಕಿ ಹೇಳಿದಾಗ ಅದು ಎಲ್ಲಿಂದ ಬಂತು ಅಂತ ಒಮ್ಮೆಯಾದರೂ ಕೇಳಿದರೆ ಕೂರುತ್ತೇನೆ. ದುಡ್ಡು ತೆಗೆದುಕೊಂಡು ಮಾಡಿದ್ದಾದರೆ ಅದನ್ನು ಮೊದಲೇ ಹೇಳಬೇಕು. ಇಷ್ಟಿಲ್ಲದಿದ್ದರೆ ಮೈಕು ಎಷ್ಟೇ ದೊಡ್ಡದಿರಲಿ, ಮುಚ್ಚುತ್ತೇನೆ.


ಸಾಯನ್ ಕ್ಯಾಶ್ ಕೌಂಟರ್

ನಾನು ಹೋಟೆಲಿನವನು ಮಾರಾಯ್ರೇ, ಕುಂದಾಪುರ ಕಡೆ. ರಾತ್ರಿ ಶಟರ್ ಎಳೆದ ಮೇಲೆ ಲೆಕ್ಕ ಬರೆಯುವಾಗ ಕಿವಿಗೆ ಏನಾದರೂ ಬೇಕು. ಕಲ್ಯಾಣ್ ಅವರು ಹೇಳಿದ ವಿಡಿಯೋ ಪಾಡ್‌ಕಾಸ್ಟ್ ನಮ್ಮ ಹುಡುಗರೂ ನೋಡುತ್ತಾರೆ. ಅರ್ಧಕ್ಕೆ ಡೇಟಾ ಮುಗಿಯುತ್ತದೆ, ಅಲ್ಲಿಗೆ ಕಥೆ ಖಲಾಸ್.

ಅದಕ್ಕೇ ಹೇಳುವುದು, ಮಾತಿಗೆ ವಿಡಿಯೋ ಬೇಡ. ಬರೀ ಆಡಿಯೋ, 64 ಕೆಬಿಪಿಎಸ್ ಮೋನೋ ಆದರೆ ಒಂದು ಗಂಟೆಗೆ ಹೆಚ್ಚುಕಮ್ಮಿ 29 ಎಂಬಿ ಸಾಕು. ಮಾತು ಕೇಳೋಕೆ ಅಷ್ಟು ಧಾರಾಳ ಆಯಿತು. ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ವೈಫೈ ಇದ್ದಾಗ ಮಾತ್ರ ಡೌನ್‌ಲೋಡ್ ಆಗಲಿ ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಹಾಕಿಡಿ.

ಊರಿನ ಮಾತು ಬೇಕು ಅಂದರೆ ಮಂಗಳೂರಿನ ಸಾರಂಗ್ 107.8 ಸಮುದಾಯ ಬಾನುಲಿ ಇದೆ, ಸಂತ ಅಲೋಶಿಯಸ್ ಕಾಲೇಜಿನವರು ಶುರು ಮಾಡಿದ್ದು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಮಾತಾಡುತ್ತಾರೆ. ಸಮುದಾಯ ಬಾನುಲಿಯವರ ಮಾತು ನನಗೆ ಇಷ್ಟ. ಮೀನು ಮಾರುವವರನ್ನೂ ಕೂರಿಸಿ ಮಾತಾಡಿಸುತ್ತಾರೆ.

ನನ್ನ ಒಂದು ಆಸೆ ಹೇಳುತ್ತೇನೆ. ಮುಂಬೈಯಲ್ಲಿ ನಮ್ಮವರು ಹೋಟೆಲ್ ಹುಡುಗರಾಗಿ ಬಂದು, ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗಿ ಓದಿದವರು. ಆ ರಾತ್ರಿ ಶಾಲೆಯಲ್ಲಿ ಓದಿದವರಲ್ಲಿ ಬದುಕಿರುವವರಿಗೆ ಈಗ ತುಂಬ ವಯಸ್ಸಾಗಿದೆ. ಅವರ ಮಾತನ್ನು ಯಾರಾದರೂ ಕೂರಿಸಿ ಕೇಳಿದ್ದಾರಾ? ಯಾವ ಎಫ್‌ಎಂ ಕೇಳುತ್ತದೆ ಅದನ್ನು?


ಕೋಥರೂಡ್ ಕನ್ನಡತಿ

ಸಾಯನ್ ಅಣ್ಣ, ಇದನ್ನು ನಾವೇ ಮಾಡೋಣ. ನಾನು ಸುಮ್ನೆ ಹೇಳುತ್ತಿಲ್ಲ. ನನ್ನ ಕೆಲಸವೇ ಸೌಂಡ್ ಎಡಿಟಿಂಗ್. ಬೇಕಾದದ್ದು ತುಂಬ ಕಡಿಮೆ.

ಜಾಗ ಮುಖ್ಯ. ದೊಡ್ಡ ಹಾಲ್ ಬೇಡ, ಮಾತು ಗೋಡೆಗೆ ಹೊಡೆದು ವಾಪಸ್ ಬರುತ್ತದೆ. ಹಾಸಿಗೆ, ಪರದೆ, ಬಟ್ಟೆಯ ಕಪಾಟು ಇರುವ ಮಲಗುವ ಕೋಣೆಯೇ ಒಳ್ಳೆ ಸ್ಟುಡಿಯೋ. ಫ್ಯಾನ್ ಆರಿಸಿ. ಸೆಕೆ ಆಗುತ್ತದೆ, ಆದರೆ ಫ್ಯಾನಿನ ಸದ್ದನ್ನು ಆಮೇಲೆ ತೆಗೆಯೋಕೆ ಹೋದರೆ ದನಿಯೂ ತೆಳುವಾಗುತ್ತದೆ. ಬೆಳಗ್ಗೆ ಕುಕ್ಕರ್ ಸೀಟಿಯ ಹೊತ್ತು, ಸಂಜೆ ಮಕ್ಕಳ ಆಟದ ಹೊತ್ತು ಬಿಟ್ಟು ಮಧ್ಯಾಹ್ನ ಎರಡರಿಂದ ನಾಲ್ಕು ಇಟ್ಟುಕೊಳ್ಳಿ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರ. ಇಬ್ಬರಿಗೂ ಬೇರೆ ಬೇರೆ ಕಾಲರ್ ಮೈಕ್. ಎರಡನೇ ಫೋನಿನಲ್ಲೂ ರೆಕಾರ್ಡ್ ಆಗುತ್ತಿರಲಿ, ವಯಸ್ಸಾದವರನ್ನು ಎರಡನೇ ಸಲ ಹೇಳಿ ಅಂತ ಕೇಳಬಾರದು.

ಶುರು ಮಾಡುವ ಮುಂಚೆ ಇದನ್ನು ಎಲ್ಲರೂ ಕೇಳುವ ಹಾಗೆ ಹಾಕುತ್ತೇವೆ ಅಂತ ಹೇಳಿ ಒಪ್ಪಿಗೆ ತೆಗೆದುಕೊಳ್ಳಬೇಕು. ಅದನ್ನೂ ರೆಕಾರ್ಡ್ ಮಾಡಬೇಕು. ಸಿನಿಮಾ ಹಾಡು ಹಾಕೋ ಹಾಗಿಲ್ಲ, ಅದಕ್ಕೆ ಬೇರೆ ಹಕ್ಕು ಬೇಕು. ಯಾರಾದರೂ ಹಾರ್ಮೋನಿಯಂ ನುಡಿಸುವವರಿದ್ದರೆ ನಮ್ಮದೇ ಹತ್ತು ಸೆಕೆಂಡಿನ ಧಾಟಿ ಮಾಡಿಕೊಳ್ಳೋಣ.

ಎಡಿಟ್ ನಾನು ಮಾಡುತ್ತೇನೆ. ಒಂದೇ ಷರತ್ತು. ಒಬ್ಬರು ಹಳೆಯದನ್ನು ನೆನಪಿಸಿಕೊಳ್ಳುತ್ತ ಸುಮ್ಮನಾದರೆ ಮಧ್ಯೆ ಬಾಯಿ ಹಾಕಬೇಡಿ. ಆ ಮೌನ ನನಗೆ ಬೇಕು, ಅದನ್ನು ನಾನು ಕತ್ತರಿಸುವುದಿಲ್ಲ.


ಮಾಟುಂಗಾ ಹಿರಿಯ

ರಾತ್ರಿ ಶಾಲೆಯಲ್ಲಿ ಓದಿದ ಇಬ್ಬರು ನನಗೆ ಗೊತ್ತು. ಒಬ್ಬರು ವಡಾಲಾದಲ್ಲಿ ಇದ್ದಾರೆ, ಒಬ್ಬರು ಮಗಳ ಮನೆ ಡೊಂಬಿವಲಿಯಲ್ಲಿ. ಇಬ್ಬರ ನೆನಪೂ ಚುರುಕಾಗಿದೆ. ನಾನೇ ಮಾತಾಡಿ ಕೇಳುತ್ತೇನೆ. ಮಧ್ಯಾಹ್ನ ಎರಡು ಗಂಟೆ ಅವರಿಗೆ ನಿದ್ದೆಯ ಹೊತ್ತು, ಹನ್ನೊಂದಕ್ಕೆ ಆಗಬಹುದೇ ಮಗಳೇ?


ಕೋಥರೂಡ್ ಕನ್ನಡತಿ

ಅಜ್ಜ, ಹನ್ನೊಂದಕ್ಕೇ ಆಗಲಿ. ಆ ಮನೆಯವರಿಗೆ ಒಂದು ದಿನ ಅಡುಗೆ ಬೇಗ ಮುಗಿಸಿ ಅಂತ ಹೇಳಿದರೆ ಸಾಕು.


ಅಂಧೇರಿ ಆಡ್ ಸೇಲ್ಸ್

ಪ್ರಾಯೋಜಕರು ಬೇಕಾದರೆ ಹೇಳಿ, ಗೊತ್ತಿರುವವರನ್ನು ಕೇಳುತ್ತೇನೆ. ಆದರೆ ಮೊದಲ ಕೆಲವು ಕಂತು ಯಾರ ದುಡ್ಡೂ ಇಲ್ಲದೆ ಮಾಡಿ ಅನ್ನುವುದೇ ನನ್ನ ಸಲಹೆ. ಆಮೇಲೆ ತೆಗೆದುಕೊಂಡರೂ ಜಾಹೀರಾತನ್ನು ಬೇರೆ ದನಿಯಲ್ಲಿ, ಬೇರೆಯಾಗಿ, ಇದು ಜಾಹೀರಾತು ಅಂತ ಹೇಳಿಯೇ ಹಾಕಬೇಕು. ಮತ್ತೆ ಔಷಧಿ, ಜ್ಯೋತಿಷ ಬೇಡವೇ ಬೇಡ.


ವಾಸ್ಕೋ ಬಾಗಲಕೋಟಿ

ನಮ್ಮ ಕಡೆಯಿಂದ ಎರಡು ಮನವಿ ಅದಾವು. ಒಂದು, ಕಂತು ಅರ್ಧ ತಾಸು ದಾಟದಂತೆ ನೋಡಿರಿ. ಝುವಾರಿ ನಗರದ ನಮ್ಮ ಮಂದಿ ಶಿಫ್ಟ್ ಮುಗಿಸಿ ಬಂದು ಉಂಡು ಮಲಗುವುದರೊಳಗೆ ಅಷ್ಟೇ ವೇಳೆ ಇರುತ್ತದೆ. ಉದ್ದ ಇದ್ದರೆ ಎರಡು ಭಾಗ ಮಾಡಿರಿ. ಇನ್ನೊಂದು, ಆ್ಯಪ್ ಗೊತ್ತಿಲ್ಲದವರು ಬಹಳ ಇದ್ದಾರೆ, ವಾಟ್ಸಾಪಿಗೂ ಫೈಲ್ ಕಳಿಸಿರಿ. ಮುಂಬೈಯವರ ಮಾತು ಮುಗಿದ ಮೇಲೆ ಈ ಕಡೆಗೂ ಬರ್ರಿ. ಇಲ್ಲಿ ಬಂದರು ಕಟ್ಟಿದವರು, ರಸ್ತೆ ಮಾಡಿದವರು ಇದ್ದಾರೆ. ನಮ್ಮವ್ವನನ್ನು ಮೊದಲು ಮಾತಾಡಿಸಿರಿ, ಆಕೆ ನಿಲ್ಲಿಸುವುದೇ ಇಲ್ಲ.


ಮುಲುಂಡ್ ಈಸ್ಟ್

ಆಗಲಿ. ಕಾಲರ್ ಮೈಕ್ ಎರಡು ನಾನು ತರುತ್ತೇನೆ. ಮೊದಲು ವಡಾಲಾ, ಆಮೇಲೆ ಡೊಂಬಿವಲಿ. ಭಾನುವಾರ ಬೇಡ, ಮೆಗಾಬ್ಲಾಕ್ ಇರುತ್ತದೆ, ಕೋಥರೂಡ್ ಅವರಿಗೆ ಪುಣೆಯಿಂದ ಬಂದು ಹೋಗೋಕೆ ತೊಂದರೆ. ಮುಂದಿನ ತಿಂಗಳ ಎರಡನೇ ಶನಿವಾರ ಯಾರಿಗೆಲ್ಲ ಆಗುತ್ತದೆ, ಕೆಳಗೆ ಬರೆಯಿರಿ.